ಮುಂಭಾಗ ಕತ್ತರಿಸಿದವ

"ನಿಮ್ಮನ್ನ ನಾನೇ ಪರಿಚಯ ಮಾಡಿಕೊಡ್ತೀನಿ ಕಣ್ರೀ. ಎರಡೇ ಮಾತು" ಎಂದು ಉಪಕಾರಿ ಹೇಳಿದಾಗ ಸಂಶೋಧಕ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಪಕ್ಕದ ಮೇಜಿನ ಈ ಮಹಾನುಭಾವನಿಂದ ಉಪಕಾರ ಮಾಡಿಸಿಕೊಂಡು ಉದ್ಧಾರವಾದವರನ್ನು ಯಾರೂ ಕಂಡಿಲ್ಲ. ಅದಕ್ಕೇ ಆ ಅಡ್ಡಹೆಸರು.

ಇಬ್ಬರೂ ಆರು ವರ್ಷದಿಂದ ಒಂದೇ ಪ್ರಯೋಗಾಲಯದಲ್ಲಿ ಗುತ್ತಿಗೆಯ ಮೇಲಿದ್ದರು. ಆ ದಿನ ಮೂರು ಗಂಟೆಗೆ ಹೊರಗಿನ ಸಮಿತಿಯೊಂದು ಬಂದು, ಅಲ್ಲಿನ ಅತ್ಯುತ್ತಮ ಕೆಲಸದ ಬಗ್ಗೆ ಇಪ್ಪತ್ತು ನಿಮಿಷ ಕೇಳಿ, ಅದನ್ನು ಮಾಡಿದವರನ್ನು ಖಾಯಂ ಮಾಡುವುದಿತ್ತು. ಹುದ್ದೆ ಒಂದೇ. ಆ ಅತ್ಯುತ್ತಮ ಕೆಲಸ ಸಂಶೋಧಕನದು. ಬೆಳಿಗ್ಗೆ ಹೊರಡುವಾಗ ಹೆಂಡತಿ, "ಇವತ್ತೂ ಆಗ್ಲಿಲ್ಲ ಅಂದ್ರೆ ನಮ್ಮಪ್ಪನ ಅಂಗಡೀಲಿ ಬಂದು ಕೂತ್ಕೊಳ್ಳಿ" ಎಂದಿದ್ದಳು. ಮಾವನ ಕೈಲಿ ದಿನವಿಡೀ ಬೈಸಿಕೊಳ್ಳುವುದಕ್ಕಿಂತ ಉಪವಾಸ ವಾಸಿ ಎಂಬುದು ಅವನ ಅಭಿಪ್ರಾಯ.

ಅವನು ಕಂಡುಹಿಡಿದದ್ದು ಇಷ್ಟು. ಜೀವಕೋಶದ ಮೈಮೇಲೆ ಗ್ರಾಹಕ ಎಂಬ ಪ್ರೋಟೀನುಗಳಿರುತ್ತವೆ, ಹಾರ್ಮೋನು ತಂದ ಸುದ್ದಿ ಕೇಳುವ ಕಿವಿಗಳಂತೆ. ಅವನ್ನು ತಯಾರಿಸುವ ವಿಧಾನ ಎಂಆರ್‌ಎನ್‌ಎ ಎಂಬ ಚೀಟಿಯಲ್ಲಿರುತ್ತದೆ. ಅವನು ಹಿಡಿದ ಚೀಟಿಯಲ್ಲಿ ವಿಧಾನಕ್ಕೆ ಮುಂಚೆ ಉದ್ದನೆಯ ಮುಂಭಾಗವೊಂದಿತ್ತು. ಅದರ ತುಂಬ 'ಇಲ್ಲಿಂದ ಶುರು' ಎಂಬ ಸುಳ್ಳು ಗುರುತುಗಳು. ಚೀಟಿ ಓದುತ್ತ ಬರುವ ರೈಬೋಸೋಮುಗಳಲ್ಲಿ ಹೆಚ್ಚಿನವು ಅಲ್ಲೇ ಕೆಲಸಕ್ಕೆ ಬಾರದ ಚೂರುಪಾರು ತಯಾರಿಸಿ ಉದುರಿಹೋಗುತ್ತಿದ್ದವು. ಅಸಲು ವಿಧಾನ ತಲುಪುತ್ತಿದ್ದದ್ದು ಬೆರಳೆಣಿಕೆಯಷ್ಟು. ಸಂಶೋಧಕ ಆ ಮುಂಭಾಗವನ್ನು ಕತ್ತರಿಸಿದ. ಗ್ರಾಹಕಗಳು ಎಂಟು ಪಟ್ಟು ಹೆಚ್ಚಾದವು.

ಸಭೆ ಶುರುವಾಯಿತು. ಸ್ವಾಗತ ಐದು ನಿಮಿಷ ನುಂಗಿತು. ಪ್ರಯೋಗಾಲಯದ ಮುಖ್ಯಸ್ಥರು ಕಟ್ಟಡಕ್ಕೆ ತಾವು ಲಿಫ್ಟ್ ಹಾಕಿಸಿದ ಕತೆಗೆ ಇನ್ನೈದು ನಿಮಿಷ ತೆಗೆದುಕೊಂಡು, ಕುರ್ಚಿಗೆ ಒರಗಿ ತೂಕಡಿಸತೊಡಗಿದರು. ಆಮೇಲೆ ಉಪಕಾರಿ ಎದ್ದ.

"ಚಿಕ್ಕಂದಿನಿಂದ್ಲೂ ನನಗೆ ಜೀವಕೋಶ ಅಂದ್ರೆ ಪ್ರಾಣ..." ಅವನ ಬಾಲ್ಯ ಮುಗಿಯುವಷ್ಟರಲ್ಲಿ ಮೂರೂಕಾಲು. "ಈ ಪ್ರಯೋಗಾಲಯದಲ್ಲಿ ನಾವು ಹಗಲೂರಾತ್ರಿ ದುಡಿದು..."

"ಸಾಕು, ಕೂತ್ಕೊಳ್ಳಿ" ಎಂದು ಸಂಶೋಧಕ ಪಿಸುಗುಟ್ಟಿದ.

"ಇರ್ರೀ, ನಿಮ್ಮ ಹತ್ರಾನೇ ಬರ್ತಿದೀನಿ."

ಬರಲೇ ಇಲ್ಲ. ಸಮಿತಿಯ ಅಧ್ಯಕ್ಷರು ಗಡಿಯಾರ ನೋಡಿ, "ಇನ್ನು ಮೂರೇ ನಿಮಿಷ" ಎಂದರು. ಉಪಕಾರಿ ಸಂಶೋಧಕನ ಕೈಗೆ ಮೈಕು ತುರುಕಿ ಕೂತುಬಿಟ್ಟ.

ಸಂಶೋಧಕನಿಗೆ ಮೊದಲು ಅಳು ಬಂತು, ಹಿಂದೆಯೇ ರೊಚ್ಚು. ಆರು ವರ್ಷ ಮಣ್ಣು ಹೊತ್ತು ಕಲಿತದ್ದೇನು ಮತ್ತೆ? ಮುಂಭಾಗ ಕತ್ತರಿಸು! ಮೊದಲ ಹನ್ನೊಂದು ಸ್ಲೈಡುಗಳನ್ನು ಪಟಪಟನೆ ಹಾರಿಸಿ ನೇರ ಫಲಿತಾಂಶಕ್ಕೆ ಬಂದ. ಗ್ರಾಹಕ ಹೆಚ್ಚಿದ್ದಷ್ಟೂ ಗೆರೆ ಕಪ್ಪಾಗುವ ಚಿತ್ರ ಅದು. ಮುಂಭಾಗ ಇದ್ದಾಗ ಮಸುಕು ಗೆರೆ, ಕತ್ತರಿಸಿದಾಗ ಕಾಡಿಗೆಯಂಥ ಕಪ್ಪು ಗೆರೆ. ಸಮಿತಿಯವರು ಬೆನ್ನು ನೆಟ್ಟಗೆ ಮಾಡಿ ಕೂತರು.

"ಭೇಷ್! ಕೆಲಸ ಅಂದ್ರೆ ಇದು" ಎಂದರು ಅಧ್ಯಕ್ಷರು.

ಸಂಶೋಧಕ ಹೊರಗೆ ಬಂದವನೇ ಹೆಂಡತಿಗೆ ಫೋನ್ ಮಾಡಿದ. "ಆಯ್ತು ಕಣೇ! ಅಂಗಡಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳೋಕೆ ಹೇಳು ನಿಮ್ಮಪ್ಪಂಗೆ."

ಐದು ಗಂಟೆಗೆ ಆದೇಶವನ್ನು ಗೋಡೆಗೆ ಅಂಟಿಸಿದರು. ಖಾಯಂ ಆದವನು ಉಪಕಾರಿ.

ಸಂಶೋಧಕ ಬಿದ್ದಂಬೀಳ ಮೆಟ್ಟಿಲಿಳಿದು, ಕಾರು ಹತ್ತುತ್ತಿದ್ದ ಅಧ್ಯಕ್ಷರನ್ನು ತಡೆದ. "ಸಾರ್, ಆ ಕೆಲಸ ಮಾಡಿದ್ದು ನಾನು!"

"ನೀವಾ?" ಅಧ್ಯಕ್ಷರು ನಿಜಕ್ಕೂ ಗಾಬರಿಯಾದರು. "ನೀವು ಚಿತ್ರ ತೋರಿಸೋಕೆ ಬಂದವರು ಅಂದ್ಕೊಂಡ್ವಲ್ಲ! ಕೆಲಸ ನಿಮಗಿಂತ ಮೊದಲು ಮಾತಾಡಿದವರದ್ದಾ ಅಂತ ನಿಮ್ಮ ಮುಖ್ಯಸ್ಥರನ್ನೂ ಕೇಳಿದ್ವಿ. ನಿದ್ದೆಗಣ್ಣಲ್ಲಿ 'ಹೌದು ಹೌದು' ಅಂದ್ರು."

"ಮೊದಲನೇ ಸ್ಲೈಡಲ್ಲೇ ನನ್ನ ಹೆಸರಿತ್ತು ಸಾರ್..."

"ಅದನ್ನ ನೀವೇ ಹಾರಿಸಿಬಿಟ್ರಲ್ರೀ!" ಅಧ್ಯಕ್ಷರು ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡರು. ಗಾಜು ಇಳಿಸಿ, ಮರುಕದಿಂದಲೇ ಹೇಳಿದರು. "ಸಹಿ ಬಿದ್ದಾಯ್ತು, ಇನ್ನೇನೂ ಮಾಡೋ ಹಾಗಿಲ್ಲ. ಇಂಥದ್ದನ್ನೆಲ್ಲ ಮುಂಚೇನೇ ಹೇಳ್ಬೇಕಪ್ಪಾ."