ಮೂತ್ರಪಿಂಡದ ಮೇಲೆ ಕೂತ ಕೋಪ

ನನಗೆ ಆಗಾಗ ಕೋಪ ಬರುತ್ತದೆ ಎಂದು ಮನೆಯವರು ಹೇಳುವುದು ಶುದ್ಧ ಸುಳ್ಳು. ಬರಬೇಕಾದರೆ ಅದು ಮೊದಲು ಹೋಗಿರಬೇಕಲ್ಲ? ಕಾಡಂಚಿನ ಚೇಕಾಡಿಯಲ್ಲಿ ಗದ್ದೆ ಮಾಡುವವನಿಗೆ ಅದನ್ನು ಕಳಿಸಿಕೊಡಲು ಪುರುಸೊತ್ತಾದರೂ ಎಲ್ಲಿದೆ? ಕಾಡುಹಂದಿ, ಕೆಟ್ಟ ಪಂಪು, ಹೊತ್ತಿಗೆ ಬಾರದ ಬಸ್ಸು, ಇವೆಲ್ಲ ಒಂದೇ ದಿನ ಮೈಮೇಲೆ ಬಿದ್ದರೆ ದೇವರಿಗೂ ತಲೆ ಕೆಡುತ್ತದೆ. ಆದರೆ ರಕ್ತದೊತ್ತಡ ಏರಿದ್ದು ಮಾತ್ರ ನನ್ನದು. ಹಾಗಾಗಿ ಹೆಂಡತಿ ಸರೋಜ ನನ್ನನ್ನು ಪುಲ್ಪಳ್ಳಿಯ ಡಾಕ್ಟರಮ್ಮನ ಮುಂದೆ ಕೂರಿಸಿದಳು.

ಆಕೆ ಚಿತ್ರ ಬರೆದು ತೋರಿಸಿದರು. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಒಂದು ಗ್ರಂಥಿ ಕೂತಿದೆಯಂತೆ. ಸಿಟ್ಟು ಬಂದಾಗ ಅದು ಅಡ್ರಿನಲಿನ್ ಸುರಿಯುತ್ತದೆ. ಎದೆ ಬಡಿಯುತ್ತದೆ, ಮುಷ್ಟಿ ಬಿಗಿಯುತ್ತದೆ. ಕಾಡುಮೃಗಗಳ ಎದುರು ನಿಲ್ಲಬೇಕಿದ್ದ ಪೂರ್ವಿಕರಿಂದ ಬಂದ ಬಳುವಳಿಯಂತೆ. ನನಗೆ ನಗು ಬಂತು. ಕಾಡುಮೃಗಕ್ಕೆ ಪೂರ್ವಿಕರೇ ಬೇಕೆ? ಹೋದ ವಾರ ತಾನೇ ಆನೆ ನಮ್ಮ ಬಾಳೆ ತಿಂದು ಹೋಯಿತು. ಆಗ ಈ ಗ್ರಂಥಿ ಎಲ್ಲಿತ್ತೋ, ನಾನಂತೂ ಅಟ್ಟದ ಮೇಲಿದ್ದೆ. ಅದೇ, ಸಾರಿಗೆ ಉಪ್ಪು ಕಡಿಮೆಯಾದರೆ ಸಾಕು, ಪೂರ್ವಿಕರೆಲ್ಲ ಒಟ್ಟಿಗೆ ಎದ್ದು ಬರುತ್ತಾರೆ. ಎದುರಿನವರ ಗಾತ್ರ ನೋಡಿ ಕೆಲಸಕ್ಕಿಳಿಯುವ ಇಂಥ ಗ್ರಂಥಿಯನ್ನು ನಾನು ಬೇರೆ ಕಂಡಿಲ್ಲ.

ಚಿಕಿತ್ಸೆ ಸುಲಭವಾಗಿತ್ತು. ಸಿಟ್ಟು ಬಂದರೆ ಬಾಯಿ ಮುಚ್ಚಬೇಕು, ಬೇರೆ ಕಡೆ ತಿರುಗಬೇಕು, ಕಣ್ಣು ಮುಚ್ಚಿ ಉಸಿರೆಳೆಯುತ್ತಾ ಹತ್ತರವರೆಗೆ ಎಣಿಸಬೇಕು. ಸರೋಜ ಬಸ್ಸಿನಲ್ಲೇ ನನ್ನ ಕೈ ಹಿಡಿದು ಆಣೆ ಹಾಕಿಸಿದಳು.

ಮಾರನೆಯ ವಾರ ನಾಟಿ. ಕಿತ್ತ ಸಸಿಯ ಕಟ್ಟುಗಳು ಬದುವಿನ ಮೇಲೆ ಸಾಲಾಗಿದ್ದವು. ಹನ್ನೆರಡು ಹೆಂಗಸರು ಬಂದಿದ್ದರು. ಅವರ ಮುಂದಾಳು ಕೆಂಪಿಯಕ್ಕ ನಮ್ಮಪ್ಪನ ಕಾಲದಿಂದ ನಮ್ಮ ಗದ್ದೆ ನೆಟ್ಟವಳು; ನನ್ನನ್ನು ಚಡ್ಡಿಯಲ್ಲಿ ನೋಡಿದವಳು, ಈಗಲೂ ಮಗನೇ ಎಂಬರ್ಥದಲ್ಲಿ 'ಮೋನೇ' ಎಂದೇ ಕರೆಯುವವಳು. ಬಂದವಳೇ ಕೇಳಿದಳು: "ಮೋನೇ, ಗದ್ದೇಲಿ ಮೊಣಕಾಲುದ್ದ ನೀರುಂಟಲ್ಲ. ನಿನ್ನೇನೇ ಹೊರಗೆ ಬಿಟ್ಟಿರಬೇಕಿತ್ತು. ಮೀನು ಸಾಕ್ತೀಯಾ?"

ಬದು ಕಡಿದು ನೀರು ಹೊರಗೆ ಬಿಡಲು ಮರೆತವನು ನಾನೇ. ತಪ್ಪು ನನ್ನದಾದಾಗ ಬರುವ ಕೋಪದಷ್ಟು ಗಟ್ಟಿ ಕೋಪ ಇನ್ನೊಂದಿಲ್ಲ. ಗ್ರಂಥಿ ಸುರಿಯತೊಡಗಿತು. ಆಣೆ ನೆನಪಾಯಿತು. ಬಾಯಿ ಮುಚ್ಚಿದೆ, ಬೆನ್ನು ತಿರುಗಿಸಿದೆ, ಕಣ್ಣು ಮುಚ್ಚಿ ಎಣಿಸಿದೆ. ಏಳಕ್ಕೆ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದೆ. ಹತ್ತು ಮುಗಿಸಿ ಹಸನ್ಮುಖನಾಗಿ ತಿರುಗಿದರೆ ಗದ್ದೆಯಲ್ಲಿ ನರಪಿಳ್ಳೆಯೂ ಇಲ್ಲ!

ನಮ್ಮ ಕಡೆ ನಾಟಿಯ ದಿನ ಗದ್ದೆಯವನು ಉತ್ತರ ಕೊಡದೆ ಬೆನ್ನು ಹಾಕಿದರೆ 'ನೀವಿನ್ನು ಹೋಗಿ' ಎಂದೇ ಅರ್ಥ. ಹುಟ್ಟಿದಾಗಿನಿಂದ ಇಲ್ಲೇ ಇರುವ ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆಗ ನಾನು ಆರೋಗ್ಯದ ಕಡೆ ಗಮನ ಕೊಡುತ್ತಿದ್ದೆ, ಕರ್ಮ! ಆ ವಾರ ಊರಿಗೆಲ್ಲ ನಾಟಿ. ಬೇರೆ ಜನ ಸಿಗುವಂತಿಲ್ಲ. ಕಿತ್ತ ಸಸಿ ಬಿಸಿಲಿಗೆ ಬಾಡಿದರೆ ಇನ್ನೊಂದು ಸಸಿಮಡಿ ಇಲ್ಲ. ವರ್ಷದ ಅನ್ನ ಬದುವಿನ ಮೇಲೆ ಒಣಗುತ್ತಿತ್ತು. ಆ ಹೆಂಗಸರ ಮನೆಗಳಿರುವ ಹಾಡಿಗೆ ಓಡಿದೆ.

ಕೆಂಪಿಯಕ್ಕ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದಳು. ಉಳಿದವರು ಸುತ್ತ ಕೂತಿದ್ದರು. "ನಿಮ್ಮಪ್ಪನೂ ಬಯ್ತಿದ್ದ, ನೀನೂ ಬಯ್ತೀಯ. ಬಯ್ದ್ರೆ ನಾನೂ ತಿರುಗಿ ಬಯ್ತೀನಿ, ಪಣಿ-ಕೆಲಸ ನಡೀತದೆ. ಬೆನ್ನಿಗೆ ಏನಂತ ಬಯ್ಯಲಿ?" ಎಂದಳು.

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ವಿವರಿಸಿದೆ. "ಅಯ್ಯೋ, ಮೂತ್ರದ ಹತ್ರಾನಾ ಇರೋದು ಇವನ ಕೋಪ!" ಎಂದಳು. ಹನ್ನೊಂದು ಹೆಂಗಸರು ಬಿದ್ದು ಬಿದ್ದು ನಕ್ಕರು.

"ತಪ್ಪಾಯ್ತು ಅಕ್ಕ. ಬನ್ನಿ, ಸಸಿ ಬಾಡ್ತಾ ಇದೆ," ಎಂದೆ.

"ಬರ್ತೀವಿ. ಮೊದಲು ನನ್ನ ಕಡೆ ತಿರುಗಿ ನಿಲ್ಲು," ಎಂದಳು.

ನಿಂತೆ. ಬಿಡದ ನೀರು, ತಡವಾಗಿ ಬಂದ ಗಂಜಿ, ಅದರಲ್ಲಿ ಇಲ್ಲದ ಚಟ್ನಿ, ಮುರಿದ ಬದು, ನಾನು ಮರೆತೇಬಿಟ್ಟಿದ್ದ ಎಷ್ಟೋ ವರ್ಷಗಳ ಮಾತು, ಒಂದನ್ನೂ ಬಿಡದೆ ಬಯ್ದಳು. ನಾನು ಮನಸ್ಸಿನಲ್ಲೇ ಎಣಿಸುತ್ತಾ ನಿಂತಿದ್ದೆ; ಆ ವಯಸ್ಸಿನಲ್ಲಿ ಎಂಥ ಉಸಿರು! ಕೊನೆಗೆ ತಾನೇ ಎದ್ದು, ಸೆರಗು ಸಿಕ್ಕಿಸಿ, "ನಡಿ, ನೀರು ಬಿಡು ಹೋಗು," ಎಂದಳು. ಸಂಜೆಯೊಳಗೆ ನಾಟಿ ಮುಗಿಯಿತು.

ಮನೆಗೆ ಬಂದಾಗ ಸರೋಜ ಬಾಗಿಲಲ್ಲೇ ಕೇಳಿದಳು: "ಎಣಿಸಿದ್ರಾ?"

"ಎಣಿಸಿದೆ. ಇನ್ನೂರ ಹನ್ನೆರಡರವರೆಗೆ."

"ದೇವರೇ! ಅಷ್ಟು ಕೋಪ ಬಂತಾ?"

"ಬಂತು," ಎಂದೆ. "ಕೆಂಪಿಯಕ್ಕನಿಗೆ."