ಬೆಳಗೋಡಿಗೆ ಕೋಗಿಲೆ ಬರಲಿಲ್ಲ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನದು. ನನಗಿರುವುದು ವಸಂತದ ಚಟ. ಮಾಗಿಯ ಚಳಿಗೆ ಹಲ್ಲು ಕಟಕಟ ಎನ್ನುತ್ತಿರುವಾಗಲೇ 'ಬಂತು ನೋಡಿ ವಸಂತ' ಎಂದು ಎಲ್ಲರಿಗಿಂತ ಮೊದಲು ನಾನು ಹೇಳಬೇಕು. ಬೇರೆ ಯಾರಾದರೂ ಹೇಳಿಬಿಟ್ಟರೆ ಆ ದಿನ ಊಟ ರುಚಿಸುವುದಿಲ್ಲ. ಬೆಳಗೋಡಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಪ್ರತಿ ವರ್ಷವೂ ಮೊದಲ ಕೋಗಿಲೆ ಕೂಗಿದ ಸುದ್ದಿಯನ್ನು ಸ್ಟಾಫ್ ರೂಮಿಗೆ ತಂದವನು ನಾನೇ. ಒಮ್ಮೆ ಮಾತ್ರ ವಿಜ್ಞಾನದ ಸ್ಟೆಲ್ಲಾ ಟೀಚರ್ ನನಗಿಂತ ಮೊದಲೇ ಕೇಳಿಸಿಕೊಂಡು ಬಂದಿದ್ದರು. 'ಅದು ಬೇರೆ ಯಾವುದೋ ಹಕ್ಕಿ ಇರಬೇಕು ಟೀಚರ್' ಎಂದು ಅರ್ಧ ಗಂಟೆ ವಾದಿಸಿ ಗೆದ್ದೆ. ಅದು ಕೋಗಿಲೆಯೇ ಎಂದು ನನಗೂ ಗೊತ್ತಿತ್ತು.

ಈ ವರ್ಷವೂ ಎಲ್ಲ ಸರಿಯಾಗಿಯೇ ಶುರುವಾಯಿತು. ಕಾಫಿ ಕೊಯ್ಲು ಮುಗಿಯುತ್ತಾ ಬಂದಿತ್ತು. ತೋಟಗಳಲ್ಲಿ ಹಾಲುವಾಣದ ಮರಗಳು ಎಲೆಯನ್ನೆಲ್ಲ ಉದುರಿಸಿ ಕೆಂಪಗೆ ಹೂ ಬಿಟ್ಟವು. ಶಾಲೆಯ ಹಿಂದಿನ ಮಾವಿನ ಮರ ಹೂವಾಯಿತು. ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಬರುವ ಮಕ್ಕಳು ಹನ್ನೊಂದು ಗಂಟೆಗೆಲ್ಲ ಅದನ್ನು ಬಿಚ್ಚಿ ಸೊಂಟಕ್ಕೆ ಸುತ್ತಿಕೊಳ್ಳತೊಡಗಿದರು. ಕೋಗಿಲೆ ಮಾತ್ರ ಇಲ್ಲ. ದಿನಾ ಮುಂಜಾನೆ ಮಫ್ಲರ್ ಸುತ್ತಿಕೊಂಡು ಅಂಗಳದಲ್ಲಿ ನಿಂತು ಕಾದೆ. ಒಂದು ವಾರ ಹೋಯಿತು, ಎರಡಾಯಿತು. ಈ ನಡುವೆ ಮನೆಯಲ್ಲಿ ಒಂದು ಒಳ್ಳೆಯ ಬದಲಾವಣೆಯೂ ಆಗಿತ್ತು. ನನ್ನ ಹೆಂಡತಿ ಸಾವಿತ್ರಿಯ ಮಾತು ಬಹಳ ಮೃದುವಾಗಿತ್ತು. ಮದುವೆಯಾಗಿ ಇಷ್ಟು ಕಾಲದ ಮೇಲಾದರೂ ಅವಳಿಗೆ ನನ್ನ ಬೆಲೆ ಗೊತ್ತಾಯಿತಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ.

ಮೂರನೆಯ ವಾರ ಸ್ಟಾಫ್ ರೂಮಿನಲ್ಲಿ ಘೋಷಿಸಿಯೇಬಿಟ್ಟೆ. "ಬೆಳಗೋಡಿಗೆ ಈ ಸಲ ಕೋಗಿಲೆ ಬರಲಿಲ್ಲ. ತೋಟಕ್ಕೆ ಹೊಡೆಯೋ ಔಷಧಿ, ಮೊಬೈಲ್ ಟವರ್, ರಸ್ತೆಗೆ ಕಡಿದ ಮರ, ಎಲ್ಲಾ ಸೇರಿ ಓಡಿಸಿಬಿಟ್ಟವು." ಸ್ಟೆಲ್ಲಾ ಟೀಚರ್ ಕಿಟಕಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು, ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ನನ್ನ ಜೊತೆ ಮತ್ತೆ ಅರ್ಧ ಗಂಟೆ ವಾದ ಯಾರಿಗೆ ಬೇಕು ಎನಿಸಿರಬೇಕು. ನಾನು ಅದನ್ನು ಶೋಕವೆಂದು ತಿಳಿದೆ.

ಅದೇ ಉತ್ಸಾಹದಲ್ಲಿ ಒಂಬತ್ತನೇ ತರಗತಿಗೆ ಹೋಗಿ 'ಕೋಗಿಲೆ ಎಲ್ಲಿ ಹೋಯಿತು?' ಎಂದು ಪ್ರಬಂಧ ಬರೆಸಿದೆ. ಪುಸ್ತಕಗಳನ್ನು ಕೈಯುದ್ದ ದೂರ ಹಿಡಿದು ಕಷ್ಟಪಟ್ಟು ಓದಿದೆ. ಮಕ್ಕಳು ಕಣ್ಣೀರು ಬರುವ ಹಾಗೆ ಬರೆದಿದ್ದರು. ಒಬ್ಬಳು ಟವರಿಗೆ ಡಿಕ್ಕಿ ಹೊಡೆಸಿ ಕೋಗಿಲೆಯನ್ನು ಸಾಯಿಸಿಯೇ ಬಿಟ್ಟಿದ್ದಳು. ಅವಳಿಗೆ ಒಂಬತ್ತು ಅಂಕ ಕೊಟ್ಟೆ. ಹಿಂದಿನ ಬೆಂಚಿನ ರಶ್ಮಿ ಮಾತ್ರ ಎರಡೇ ಸಾಲು ಬರೆದಿದ್ದಳು. 'ಕೋಗಿಲೆ ಎಲ್ಲಿಗೂ ಹೋಗಿಲ್ಲ. ಇದನ್ನು ಬರೆಯುವಾಗಲೂ ಮಾವಿನ ಮರದಲ್ಲಿ ಕೂಗುತ್ತಿದೆ.' ನನಗೆ ಸಿಟ್ಟು ಬಂತು. ಕೆಂಪು ಶಾಯಿಯಲ್ಲಿ 'ಸುಳ್ಳು, ಸೋಮಾರಿತನ' ಎಂದು ಬರೆದು, ಹತ್ತಕ್ಕೆ ಎರಡು ಕೊಟ್ಟು, ಅವಳನ್ನು ನಿಲ್ಲಿಸಿ ಸತ್ಯದ ಮೇಲೆ ಅರ್ಧ ಪೀರಿಯಡ್ ಭಾಷಣ ಮಾಡಿದೆ. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಪಶ್ಚಾತ್ತಾಪ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಜಗಲಿಯಲ್ಲಿ ನಿಟ್ಟುಸಿರು ಬಿಟ್ಟೆ. "ಒಂದೇ ಒಂದು ಕೋಗಿಲೇನೂ ಇಲ್ಲ ಕಣೆ."

ಸಾವಿತ್ರಿ ಏನೋ ಅಂದಳು. 'ಹ್ಞೂಂ' ಅಂದೆ. ಅವಳು ನನ್ನ ಗಲ್ಲ ಹಿಡಿದು ಮುಖವನ್ನು ಎದುರಿನ ನುಗ್ಗೆಮರದ ಕಡೆ ತಿರುಗಿಸಿದಳು. ಕೊಂಬೆಯ ಮೇಲೆ ಕಪ್ಪು ಹಕ್ಕಿ. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಕುತ್ತಿಗೆ ಉಬ್ಬುತ್ತಿತ್ತು. ಸದ್ದಿಲ್ಲ.

"ಪಾಪ, ಗಂಟಲು ಕಟ್ಟಿದೆ ಅದಕ್ಕೆ," ಎಂದೆ.

ಸಾವಿತ್ರಿ ನನ್ನ ಕಿವಿಗೇ ಬಾಯಿಟ್ಟು ಕೂಗಿದಳು. "ಅದರ ಗಂಟಲು ನೆಟ್ಟಗೈತೆ ಕಣ್ರೀ! ಕೆಟ್ಟಿರೋದು ನಿಮ್ ಕಿವಿ! ಹದಿನೈದು ದಿನದಿಂದ ಬಡ್ಕೊಳ್ತಾ ಐತೆ ಅದು, ಎರಡು ತಿಂಗಳಿಂದ ನಾನೂ ಬಡ್ಕೊಳ್ತಾ ಇದ್ದೀನಿ!"

ಕೈಯಲ್ಲಿದ್ದ ಲೋಟ ತಣ್ಣಗಾಯಿತು. ಕಿವಿ ಹೋದ ಮೇಷ್ಟ್ರಿಗೆ ತರಗತಿಯಲ್ಲಿ ಏನು ಕೆಲಸ? ಆಮೇಲೆ ರಶ್ಮಿಯ ಮುಖ ನೆನಪಾಯಿತು. ಅದರಿಂದ ಕಿವಿಗಿಂತ ಹೆಚ್ಚು ಸಂಕಟವಾಯಿತು.

ಸೋಮವಾರ ರಜೆ ಹಾಕಿ ಸಕಲೇಶಪುರದ ಬಸ್ಸು ಹತ್ತಿದೆ. ಡಾಕ್ಟರು ಲೈಟು ಬಿಟ್ಟು ನೋಡಿ, "ಏನೂ ಆಗಿಲ್ಲ ಮೇಷ್ಟ್ರೇ, ಗುಗ್ಗೆ ಕಟ್ಕೊಂಡು ಕಲ್ಲಾಗೈತೆ," ಎಂದು ಕಿವಿಗೆ ಬೆಚ್ಚನೆಯ ನೀರು ಬಿಟ್ಟು ತೊಳೆದರು. ಬಟ್ಟಲಿಗೆ ಬಿದ್ದದ್ದನ್ನು ವರ್ಣಿಸುವುದಿಲ್ಲ. ಹೊರಗೆ ಬಂದರೆ ಲಾರಿಯ ಹಾರನ್ನಿಗೆ ಒಂದು ಮಾರು ಹಾರಿದೆ. ನನ್ನ ಚಪ್ಪಲಿಯೇ ಕಿರ್ ಕಿರ್ ಎನ್ನುತ್ತಿತ್ತು. ಬಸ್ ಸ್ಟಾಂಡಿನ ಹಿಂದೆ ಎಲ್ಲೋ 'ಕುಹೂ' ಎಂದಿತು. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಮನೆಗೆ ಬಂದಾಗ ಸಾವಿತ್ರಿಯ ಮೃದುತ್ವವೂ ಕೊನೆಗೊಂಡಿತು.

ಮಂಗಳವಾರ ತರಗತಿಗೆ ಹೋಗಿ, ಎಲ್ಲರೆದುರು ನಡೆದದ್ದನ್ನು ಹೇಳಿ, ಪುಸ್ತಕದ ಕಟ್ಟಿನಿಂದ ಒಂದನ್ನು ಎಳೆದು, ಹಳೆಯ ಅಂಕ ಹೊಡೆದು ಹಾಕಿ ಹತ್ತಕ್ಕೆ ಹತ್ತು ಕೊಟ್ಟೆ. ಕೆಳಗೆ 'ನೀನು ಬರೆದದ್ದೇ ಸತ್ಯ, ತಪ್ಪು ನನ್ನದು' ಎಂದು ಬರೆದು ಸಹಿ ಹಾಕಿದೆ.

"ಅವತ್ತೇ ಬಾಯಿಬಿಟ್ಟು ಹೇಳಬಾರದಿತ್ತೇನಮ್ಮ ರಶ್ಮಿ?"

"ಹೇಳಿದ್ನಲ್ಲ ಸಾರ್. ಮೂರು ಸಲ ಹೇಳ್ದೆ. ನೀವು 'ಹ್ಞೂಂ, ತಪ್ಪು ಒಪ್ಕೊಂಡ್ಯಲ್ಲ, ಕೂತ್ಕೋ' ಅಂದ್ರಿ."

ಪುಸ್ತಕವನ್ನು ಅವಳ ಕೈಗಿಟ್ಟೆ. ಅವಳು ಹೊದಿಕೆ ನೋಡಿದಳು, ಪುಟ ತಿರುಗಿಸಿದಳು, ಸಂಕೋಚದಿಂದ ತಲೆಯೆತ್ತಿದಳು.

"ಸಾರ್... ಇದು ನಂದಲ್ಲ. ರಮ್ಯಂದು."

ಕೋಗಿಲೆ ಪಾಸ್‌ಪೋರ್ಟ್ ಮಾಡಿಸಿಕೊಂಡು ದುಬೈಗೆ ಹೋಗಿದೆ ಎಂದು ಎರಡು ಪುಟ ಬರೆದಿದ್ದ ರಮ್ಯಳ ಪುಸ್ತಕಕ್ಕೆ, ಅದೇ ಸತ್ಯವೆಂದು ನಾನು ಸಹಿ ಹಾಕಿದ್ದೆ. ಕನ್ನಡಕ ತೆಗೆದು ಒರೆಸಿದೆ, ಹಾಕಿಕೊಂಡೆ, ದೂರ ಹಿಡಿದು ನೋಡಿದೆ. ಅಕ್ಷರಗಳು ಇನ್ನೂ ಇರುವೆಗಳಂತೆಯೇ ಕಾಣುತ್ತಿದ್ದವು. ಇಡೀ ತರಗತಿ ನಕ್ಕಿದ್ದು ಮಾತ್ರ ಬಹಳ ಸ್ಪಷ್ಟವಾಗಿ ಕೇಳಿಸಿತು.