ಖಂಡೇನವಮಿಗೆ ಸಿಕ್ಕಿಬಿದ್ದ ಸಾಹಸ ಕಾದಂಬರಿ

ಹಳೆಯ ಸಾಹಸ ಕಾದಂಬರಿಗಳ ಸಂಗ್ರಹದಲ್ಲಿ ನನ್ನನ್ನು ಮೀರಿಸುವವರು ಹೈದರಾಬಾದಿನಲ್ಲೇ ಇಲ್ಲ. ಹಾಗೆಂದು ನಂಬಿರುವವನು ನಾನೊಬ್ಬನೇ ಎಂಬುದು ಬೇರೆ ಮಾತು! ಕೋಠಿಯ ಫುಟ್‌ಪಾತಿನಲ್ಲಿ ದಪ್ಪ ರಟ್ಟಿನ, ಹಳದಿ ಹಾಳೆಯ ಪುಸ್ತಕ ಕಂಡರೆ ನನ್ನ ಕಾಲು ಮುಂದೆ ಹೋಗುವುದಿಲ್ಲ. ಹಾಗೆ ಸಿಕ್ಕಿದ ಒಂದು ಕಾದಂಬರಿಯ ಮೊದಲ ಸಂಪುಟ ನನ್ನಲ್ಲಿ ಎರಡು ಪ್ರತಿ ಇತ್ತು. ಎರಡನೆಯ ಸಂಪುಟ ಮಾತ್ರ ಇರಲಿಲ್ಲ. ಮೊದಲ ಸಂಪುಟದ ಕೊನೆಯಲ್ಲಿ ನಾಯಕ ಮೊಸಳೆಗಳ ಹೊಂಡದ ಮೇಲೆ ಹಗ್ಗಕ್ಕೆ ಜೋತುಬಿದ್ದಿದ್ದಾನೆ. ಹಗ್ಗವನ್ನು ಇಲಿ ಕಡಿಯುತ್ತಿದೆ. ವರ್ಷಗಳಿಂದ ಅವನು ಅಲ್ಲೇ ನೇತಾಡುತ್ತಿದ್ದ, ನನಗೆ ಇಲ್ಲಿ ನೆಮ್ಮದಿ ಇರಲಿಲ್ಲ. ಬದುಕಿದನೇ? ಹೇಗೆ ಬದುಕಿದ?

ಖಂಡೇನವಮಿಯ ಬೆಳಿಗ್ಗೆ, ಕಲಬುರಗಿಯಿಂದ ಬಂದಿದ್ದ ನನ್ನ ಅತ್ತೆ, ಸರಸ್ವತಿಯ ಪೂಜೆಗಿಡಲು ಪುಸ್ತಕ ಕೇಳಿದರು. ಹೆಂಡತಿ ಪಂಚಾಂಗ ತಂದಳು. ನನಗೆ ಅವಮಾನವಾಯಿತು.

"ಗ್ರಂಥ ಅಂದ್ರೆ ಇವು!" ಎಂದು ಎರಡೂ ಪ್ರತಿಗಳನ್ನು ಠೀವಿಯಿಂದ ಸಮರ್ಪಿಸಿದೆ. ಅತ್ತೆ ಅವನ್ನು ಪೂಜೆಯ ಮಂಟಪದಲ್ಲಿರಿಸಿ, ಕುಂಕುಮವಿಟ್ಟು, ಮೇಲೆ ಕಳಶ ಕೂರಿಸಿದರು.

ಆಗ ಫೋನ್ ಬಂತು! ರಾಯಚೂರಿನ ದೇಸಾಯರು, ನನ್ನಂಥದೇ ಹುಚ್ಚಿನವರು.

"ಇಲ್ಲೇ ಬೇಗಂಪೇಟಿಗೆ ತಂಗಿ ಮನಿಗೆ ಬಂದೀನ್ರಿ. ನಿಮ್ಮ ಮೊದಲನೇ ಸಂಪುಟ ಕೊಡ್ರಿ, ನನ್ನ ಎರಡನೇದು ತಗೋರಿ. ಸಂಜಿ ಟ್ರೇನಿಗೆ ಹೊಂಟೀನಿ."

ಅತ್ತೆಯ ಬಳಿಗೆ ಓಡಿದೆ. "ಒಂದೇ ಒಂದು ಪುಸ್ತಕ ತಗೊಳ್ಳಲಾ ಅತ್ತೆ?"

"ನಾಳಿ ಪೂಜಾ ಎತ್ತೂತನಕ ಮುಟ್ಟಬಾರದ್ರಿ ಅಳಿಯಂದ್ರ. ಓದಲೂಬಾರದು."

"ಓದಲ್ಲ. ಒಬ್ಬರಿಗೆ ಕೊಟ್ಟುಬಿಡ್ತೀನಿ."

"ಹಬ್ಬದ ದಿನಾ ಸರಸ್ವತಿನ್ನ ಕೊಟ್ಟುಬಿಡ್ತೀರೇನು?"

ಅತಿಥಿಯ ಎದುರು ಅತ್ತೆ ಕರಗಿಯಾರೆಂದು ಲೆಕ್ಕ ಹಾಕಿ ದೇಸಾಯರನ್ನು ಮನೆಗೇ ಕರೆದೆ. ಅವರು ಬಂದು ಚೀಲದಿಂದ ಎರಡನೆಯ ಸಂಪುಟ ತೆಗೆದರು. ನಾನು ಕೈ ಚಾಚಿದೆ. ಅತ್ತೆಯ ಕೈ ಮುಂದಿತ್ತು!

"ತಾನಾಗೇ ಮನಿಗೆ ಬಂದಾಳ ನೋಡ್ರಿ ತಾಯಿ!" ಎಂದವರೇ ಅದಕ್ಕೂ ಕುಂಕುಮವಿಟ್ಟು ಕಳಶದ ಪಕ್ಕ ಪ್ರತಿಷ್ಠಾಪಿಸಿದರು.

ದೇಸಾಯರ ಟ್ರೇನು ಹೋಯಿತು. ದೇಸಾಯರು ಹೋಗಲಿಲ್ಲ, ಅವರ ಪುಸ್ತಕ ಮಂಟಪದಲ್ಲಿತ್ತಲ್ಲ! ಇಬ್ಬರೂ ಕುರ್ಚಿ ಹಾಕಿಕೊಂಡು ಮಂಟಪದ ಮುಂದೆ ಕುಳಿತೆವು. ಎದ್ದೆವು. ಮತ್ತೆ ಕುಳಿತೆವು. ನಾನು ಸ್ವಲ್ಪ ಬಗ್ಗಿದರೂ ಅಡುಗೆಮನೆಯಿಂದ ಅತ್ತೆ ಕೆಮ್ಮುತ್ತಿದ್ದರು.

ಮರುದಿನ ಬೆಳಿಗ್ಗೆ ಪೂಜೆ ಎತ್ತಿದರು. "ಅಯ್ಯಯ್ಯೋ, ರಟ್ಟಿನ ತುಂಬಾ ಕುಂಕುಮಾರೀ!" ಎಂದು ದೇಸಾಯರು ಕೂಗಿದರು.

"ಎರಡಕ್ಕೂ ಆಗಿದೆ, ಸರಿಗೆ ಸರಿ!" ಎಂದು ಅವರ ಕೈಗೆ ನನ್ನದನ್ನು ತುರುಕಿ, ಅವರದನ್ನು ಕಸಿದು, ಮೊದಲ ವಾಕ್ಯವನ್ನು ಗಟ್ಟಿಯಾಗಿ ಓದಿದೆ.

"ಆ ಹೊಂಡದಿಂದ ಹೇಗೋ ಪಾರಾದ ನಮ್ಮ ಕಥಾನಾಯಕನು ಮನೆ ಸೇರಿ, ಸ್ನಾನಾದಿಗಳನ್ನು ಮುಗಿಸಿ ಫಲಾಹಾರಕ್ಕೆ ಕುಳಿತನು."

ಹೇಗೋ! ನನ್ನ ನಿದ್ದೆಗೆಡಿಸಿದ ಪ್ರಶ್ನೆಗೆ ಉತ್ತರ, ಹೇಗೋ!

"ಯಾವ ಹೊಂಡಾ ಅಂತ ತಿಳೀಲಾರದ ನಾನೂ ಒದ್ದಾಡೀನ್ರಿ," ಎಂದರು ದೇಸಾಯರು ಮೊದಲ ಸಂಪುಟವನ್ನು ಎದೆಗವಚಿಕೊಂಡು. "ಅದಕ್ಕ ಇದು ಬೇಕಾಗಿತ್ತು."

ಹೆಂಡತಿ ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. "ಇಷ್ಟನ್ನ ಫೋನಿನ್ಯಾಗ ಕೇಳಬಹುದಿತ್ತಲ್ರಿ?"

ಕೇಳಬಹುದಿತ್ತು. ಇಬ್ಬರಿಗೂ ಹೊಳೆದಿರಲಿಲ್ಲ!

"ಅಂವಾ ಮೊಸಳಿ ಬಾಯಿಂದ ಬಂದೂ ಜಳಕಾ ಮಾಡ್ಯಾನ," ಎಂದಳು ಹೆಂಡತಿ. "ನೀವು ನಿನ್ನಿ ಸಂಜಿಂದ ಕುರ್ಚಿ ಬಿಟ್ಟಿಲ್ಲ. ಏಳ್ರಿ, ನೀರು ಕಾದಾವ."

ಈ ಸಾಹಸಿ ಎದ್ದು ಬಚ್ಚಲಿಗೆ ಹೋದ.